ಹಳೆಯ ಡೀಸೆಲ್ ಬಸ್ಸಿನ ಬ್ರೀದರ್: ಎಂಜಿನ್ ಬಿಚ್ಚಿಸುವ ಮೊದಲು ಮಾಡಬೇಕಾದ ಕೆಲಸ

ಹಿಂಬದಿಯ ಕ್ರ್ಯಾಂಕ್ ಆಯಿಲ್ ಸೀಲನ್ನು ಬದಲಿಸಿ ಕೆಲವೇ ವಾರಗಳಾಗಿದ್ದರೂ ಕ್ಲಚ್ ಹೌಸಿಂಗಿನ ಕೆಳಗೆ ಮತ್ತೆ ಆಯಿಲ್ ಹನಿಯುತ್ತಿದ್ದರೆ, ತಪ್ಪು ಸೀಲಿನದೇ ಎಂದು ತೀರ್ಮಾನಿಸುವ ಮೊದಲು ಬ್ರೀದರ್ ಕೊಳವೆಯ (ಎಂಜಿನ್ನಿನ ಒಳಗೆ ಸೇರಿದ ಅನಿಲವನ್ನು ಹೊರಬಿಡುವ ಕೊಳವೆಯ) ತುದಿಯನ್ನು ಒಮ್ಮೆ ಬಗ್ಗಿ ನೋಡಬೇಕು. ಟ್ಯಾಪೆಟ್ ಕವರಿನ ಅಂಚು, ಡಿಪ್‌ಸ್ಟಿಕ್ಕಿನ ಬಾಯಿ, ಟೈಮಿಂಗ್ ಕವರು ಹೀಗೆ ಹಲವು ಕಡೆಯಿಂದ ಒಂದೇ ಕಾಲಕ್ಕೆ ಆಯಿಲ್ ಒಸರುತ್ತಿದೆ ಎಂದರೆ, ಅಷ್ಟೂ ಪ್ಯಾಕಿಂಗುಗಳು ಒಟ್ಟಿಗೆ ಕೈಕೊಟ್ಟವು ಎನ್ನುವುದಕ್ಕಿಂತ, ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದೆ ಸಿಕ್ಕ ಸಂದಿಯಿಂದೆಲ್ಲ ಆಯಿಲನ್ನು ತಳ್ಳುತ್ತಿದೆ ಎನ್ನುವುದೇ ಹೆಚ್ಚು ಸಂಭವ. ಆದರೂ ಇಂಥ ಬಸ್ಸು ಗ್ಯಾರೇಜಿಗೆ ಬಂದು ನಿಂತಾಗ ಮೊದಲು ಕೇಳಿಬರುವ ಮಾತು "ಬ್ಯಾಕ್ ಕಂಪ್ರೆಷನ್ ಹೊಡೀತಿದೆ, ಎಂಜಿನ್ ಬೋರಿಗೆ ಬಂದಿದೆ" ಎಂಬುದು. ಅಂದರೆ ಸಿಲಿಂಡರಿನ ಅನಿಲ ಕೆಳಕ್ಕೆ ಸೋರುತ್ತಿದೆ, ಎಂಜಿನ್ ಬಿಚ್ಚಿ ಸವೆದ ಸಿಲಿಂಡರುಗಳನ್ನು ಸರಿಪಡಿಸಬೇಕು ಎಂದು. ಒಂದೆರಡು ಬಸ್ಸಿಟ್ಟುಕೊಂಡು ಶಾಲೆಗೋ ಕಾರ್ಖಾನೆಯ ಪಾಳಿಗೋ ಬಾಡಿಗೆ ಓಡಿಸುವ ಮಾಲೀಕರಿಗೆ ಅದು ವರ್ಷದ ದುಡಿಮೆಯನ್ನೇ ನುಂಗುವ ಮಾತು. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಆದರೆ ಬ್ರೀದರನ್ನು ತೊಳೆದು, ಒತ್ತಡವನ್ನು ಅಳೆದು, ಎಂಜಿನ್ನಿನ ಹೊರಗಿನ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಮಾತ್ರ ಹೇಳಬೇಕಾದ ಮಾತು ಅದು.

ಇಲ್ಲಿ ವಿವರಿಸುತ್ತಿರುವುದು ಮುಖ್ಯವಾಗಿ ಮುಂಭಾಗದಲ್ಲಿ ಎಂಜಿನ್ ಇರುವ, ಇನ್‌ಲೈನ್ ಇಂಧನ ಪಂಪಿನ ಹಳೆಯ ಬಸ್ಸುಗಳ ಕುರಿತು: ಟಾಟಾ ಚಾಸಿಯ ಮೇಲಿನ 5.9 ಲೀಟರಿನ ಕಮಿನ್ಸ್ ಬಿ ಸರಣಿ, ಲೇಲ್ಯಾಂಡಿನ ಹಿನೊ ಮೂಲದ ಆರು ಸಿಲಿಂಡರಿನ ಎಚ್ ಸರಣಿ, ಅವುಗಳ ಹಿಂದಿನ ಪೀಳಿಗೆಯವು. 15 ವರ್ಷ ಮೀರಿದ ಸರ್ಕಾರಿ ವಾಹನಗಳು 2023ರ ಏಪ್ರಿಲ್ 1ರಿಂದ ರಸ್ತೆಯಿಂದ ಹಿಂದೆ ಸರಿಯುತ್ತಿರುವುದರಿಂದ, ಇಷ್ಟು ವಯಸ್ಸಾದ ಬಸ್ಸುಗಳು ಈಗ ಉಳಿದಿರುವುದು ಹೆಚ್ಚಾಗಿ ಖಾಸಗಿಯವರ ಕೈಯಲ್ಲಿ. ಡಿಪೋದಲ್ಲಿ ಇಂತಿಷ್ಟು ಕಿಲೋಮೀಟರಿಗೆ ಒಮ್ಮೆ ಗಾಡಿ ಡಾಕಿಂಗಿಗೆ (ನಿಗದಿತ ತಪಾಸಣೆಗೆ) ಹೋಗಿ ಯಾರೋ ಒಬ್ಬರು ಬ್ರೀದರನ್ನು ಮುಟ್ಟಿ ನೋಡುವ ವ್ಯವಸ್ಥೆ ಖಾಸಗಿ ಬಸ್ಸಿಗೆ ತಾನಾಗಿ ಸಿಗುವುದಿಲ್ಲ. ಮಾಲೀಕರೇ ಅದನ್ನು ರೂಢಿಸಿಕೊಳ್ಳಬೇಕು.

ಒಳಗೆ ನಡೆಯುವುದೇನು

ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿದಾಗ ಪಿಸ್ಟನ್ನಿನ ಮೇಲೆ ಬೀಳುವ ಒತ್ತಡ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಉಪಕರಣ) ಇರುವ ಎಂಜಿನ್ನುಗಳಲ್ಲಿ 100 ಬಾರ್ ದಾಟುತ್ತದೆ. ಪಿಸ್ಟನ್ನಿನ ಸುತ್ತ ಕೂರುವ ರಿಂಗುಗಳು ಎಷ್ಟೇ ಹೊಸದಾಗಿರಲಿ, ಅವುಗಳ ತುದಿಗಳ ನಡುವಿನ ಸಂದಿಯಿಂದ ಸ್ವಲ್ಪ ಅನಿಲ ಕೆಳಗಿನ ಕ್ರ್ಯಾಂಕ್‌ಕೇಸಿಗೆ (ಕ್ರ್ಯಾಂಕ್ ತಿರುಗುವ ಗೂಡಿಗೆ) ನುಸುಳಿಯೇ ನುಸುಳುತ್ತದೆ. ಈ ಅನಿಲದಲ್ಲಿ ಮಸಿ, ಆಮ್ಲೀಯ ಅಂಶ, ಆಯಿಲಿನ ಮಂಜು, ಜೊತೆಗೆ ಗಣನೀಯ ಪ್ರಮಾಣದ ನೀರಾವಿ ಇರುತ್ತವೆ. ಒಂದು ಲೀಟರ್ ಡೀಸೆಲ್ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರ್. ಅದರ ಬಹುಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ, ಆದರೆ ರಿಂಗು ದಾಟಿ ಬಂದ ಪಾಲು ಬ್ರೀದರಿನ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಬೆಳಿಗ್ಗೆ ಏಳೆಂಟು ಕಿಲೋಮೀಟರ್, ಸಂಜೆ ಏಳೆಂಟು ಕಿಲೋಮೀಟರ್ ಓಡಿ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲುವ ಶಾಲಾ ಬಸ್ಸಿನಲ್ಲಿ, ಅದರಲ್ಲೂ ಸಕಲೇಶಪುರ, ಮಡಿಕೇರಿ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ, ಆಯಿಲ್ ತುಂಬುವ ಮುಚ್ಚಳದ ಒಳಗೆ ಕೆನೆಯಂತೆ ಅಂಟಿಕೊಳ್ಳುವ ಬಿಳಿ ಲೋಳೆ ಇದೇ ನೀರು ಮತ್ತು ಆಯಿಲ್ ಬೆರೆತದ್ದು. ಅದನ್ನು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಗಾಬರಿಪಡಬೇಕಿಲ್ಲ. ರೇಡಿಯೇಟರಿನ ನೀರು ಕಡಿಮೆಯಾಗದೆ, ಡಿಪ್‌ಸ್ಟಿಕ್ಕಿನ ಆಯಿಲ್ ಸ್ವಚ್ಛವಾಗಿಯೇ ಇದ್ದರೆ ಲೋಳೆ ಬಂದಿರುವುದು ಬ್ರೀದರಿನ ದಾರಿಯಲ್ಲಿ.

ಅನಿಲ ಹೊರಹೋಗಲು ಹಳೆಯ ಎಂಜಿನ್ನುಗಳಲ್ಲಿ ಇರುವ ಏರ್ಪಾಡು ಸರಳವಾದದ್ದು. ಟ್ಯಾಪೆಟ್ ಕವರಿನ ಮೇಲೆ ಅಥವಾ ಬ್ಲಾಕಿನ ಪಕ್ಕದಲ್ಲಿ ಒಂದು ಡಬ್ಬಿ, ಅದರೊಳಗೆ ಆಯಿಲಿನ ಹನಿಗಳನ್ನು ತಡೆದು ಕೆಳಗಿಳಿಸುವ ತಂತಿಬಲೆ ಅಥವಾ ತಗಡಿನ ತಡೆಗಳು, ಅಲ್ಲಿಂದ ಚಾಸಿಯ ಕೆಳಕ್ಕೆ ಇಳಿಯುವ ತೆರೆದ ಕೊಳವೆ. ಪೆಟ್ರೋಲ್ ಎಂಜಿನ್ನಿನಂತೆ ಥ್ರಾಟಲ್ ಇಲ್ಲದಿರುವುದರಿಂದ ಅನಿಲವನ್ನು ಜಗ್ಗಿ ಎಳೆಯುವ ಬಲವಾದ ನಿರ್ವಾತ ಡೀಸೆಲ್ಲಿನಲ್ಲಿ ಸಿಗುವುದಿಲ್ಲ. ಆದ್ದರಿಂದ ದಾರಿ ಅಗಲವಾಗಿ, ಅಡೆತಡೆಯಿಲ್ಲದೆ ಇರುವುದೊಂದೇ ಇಲ್ಲಿನ ಆಧಾರ.

ದಾರಿ ಕಟ್ಟಿದರೆ ಕೆಡುವುದು ಸೀಲುಗಳಷ್ಟೇ ಅಲ್ಲ. ಟರ್ಬೊದ ಬೇರಿಂಗಿಗೆ ಹೋದ ಆಯಿಲ್ ಪಂಪಿನ ಬಲದಿಂದ ಒಳಗೆ ಹೋಗುತ್ತದೆ, ಆದರೆ ವಾಪಸ್ ಬರುವುದು ಬರೀ ತನ್ನ ಭಾರದಿಂದ ಇಳಿದು. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದಾಗ ಆ ಇಳಿಯುವ ಕೊಳವೆಯಲ್ಲಿ ಆಯಿಲ್ ನಿಂತು, ಟರ್ಬೊದ ಎರಡೂ ಬದಿಯ ಸೀಲುಗಳನ್ನು ದಾಟಿ, ಒಂದು ಕಡೆ ಗಾಳಿಯ ದಾರಿಗೂ ಇನ್ನೊಂದು ಕಡೆ ಸೈಲೆನ್ಸರಿಗೂ ನುಗ್ಗುತ್ತದೆ. ನೀಲಿ ಹೊಗೆ ಕಂಡು ಟರ್ಬೊ ಬದಲಿಸಿದರೆ ಹೊಸ ಟರ್ಬೊ ಕೂಡ ಹಾಗೆಯೇ ಆಯಿಲ್ ಕಾರುತ್ತದೆ. ಬ್ರೇಕಿನ ಏರ್ ಕಂಪ್ರೆಸರಿನ ಕಥೆಯೂ ಇದೇ ಆಗಿದ್ದು, ಅದರ ಆಯಿಲ್ ಕೆಳಗಿಳಿಯದೆ ಗಾಳಿಯ ಜೊತೆ ಟ್ಯಾಂಕಿಗೆ ಸೇರುತ್ತದೆ. ಬೆಳಿಗ್ಗೆ ಏರ್ ಟ್ಯಾಂಕಿನ ಡ್ರೈನ್ ತೆರೆದಾಗ ನೀರಿನ ಜೊತೆ ಕಪ್ಪು ಆಯಿಲ್ ಬರುತ್ತಿದ್ದರೆ ಬ್ರೀದರನ್ನೂ ಸಂಶಯಿಸಬೇಕು.

ಕೈ ಹಾಕುವ ಮುನ್ನ

ಬಸ್ಸನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆ ಮತ್ತು ಹಿಂದೆ ಮರದ ಕಟ್ಟೆ ಕೊಡಬೇಕು. ಎಂಜಿನ್ ಉಗುರುಬೆಚ್ಚಗಿರುವಾಗ ಕೆಲಸ ಸುಲಭ, ಏಕೆಂದರೆ ತಣ್ಣಗಾದ ಕೆಸರು ಅಂಟಾಗಿ ಕೂತಿರುತ್ತದೆ. ಕುದಿಯುವಷ್ಟು ಬಿಸಿಯಿದ್ದಾಗ ಮುಚ್ಚಳ ತೆಗೆಯುವುದು ಅಪಾಯ. ಎಂಜಿನ್ ಅತಿಯಾಗಿ ಕಾದು, ಪಿಸ್ಟನ್ ಅಥವಾ ಬೇರಿಂಗ್ ಹಿಡಿದು ನಿಂತ ಸಂದರ್ಭದಲ್ಲಂತೂ ಆರುವವರೆಗೆ ಆಯಿಲ್ ಮುಚ್ಚಳವನ್ನಾಗಲಿ ಬ್ರೀದರನ್ನಾಗಲಿ ತೆರೆಯಲೇಬಾರದು. ಒಳಗಿರುವ ಆಯಿಲ್ ಮಂಜಿಗೆ ಹೊರಗಿನ ಗಾಳಿ ಸಿಕ್ಕರೆ ಅದು ಹತ್ತಿಕೊಳ್ಳಬಲ್ಲದು.

ಮೊದಲ ಪರೀಕ್ಷೆ ಆಯಿಲ್ ಮಟ್ಟದ್ದು. ಎಂಜಿನ್ ನಿಂತು ಹತ್ತು ನಿಮಿಷವಾದ ಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಮೇಲಿನ ಗೆರೆ ಮೀರಿದ್ದರೆ, ಕ್ರ್ಯಾಂಕಿನ ತೂಕಗಳು ಆಯಿಲನ್ನು ಬಡಿದು ನೊರೆ ಎಬ್ಬಿಸಿ ಬ್ರೀದರಿನಿಂದ ಹೊರದೂಡುತ್ತವೆ. ಯಾರೂ ಹೆಚ್ಚಾಗಿ ಸುರಿಯದಿದ್ದರೂ ಮಟ್ಟ ಏರಿದೆ ಎಂದಾದರೆ ಆಯಿಲಿಗೆ ಡೀಸೆಲ್ ಸೇರುತ್ತಿರಬಹುದು. ಎಂಜಿನ್ ಆಯಿಲಿನಿಂದಲೇ ಜಿಡ್ಡು ಪಡೆಯುವ ಇನ್‌ಲೈನ್ ಪಂಪಿನಲ್ಲಿ ಪ್ಲಂಜರುಗಳು ಸವೆದರೆ, ಅಥವಾ ಲಿಫ್ಟ್ ಪಂಪಿನ ಒಳಸೀಲು ಹೋದರೆ, ಡೀಸೆಲ್ ಸದ್ದಿಲ್ಲದೆ ಚೇಂಬರಿಗೆ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ) ಇಳಿಯುತ್ತದೆ. ಡಿಪ್‌ಸ್ಟಿಕ್ಕಿನ ಹನಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ಮೂಸಿದರೆ ಡೀಸೆಲ್ ವಾಸನೆಯೂ ತೆಳುವಾದ ಜಾರುವಿಕೆಯೂ ಗೊತ್ತಾಗುತ್ತವೆ. ಅಂಥ ಆಯಿಲ್ ಬಿಸಿಯಾದಾಗ ಬ್ರೀದರಿನಿಂದ ದಟ್ಟವಾದ ಆವಿ ಬರುವುದು ಸಹಜ. ಆಗ ಮಾಡಬೇಕಾದ ರಿಪೇರಿ ಪಂಪಿನದು, ಬೋರಿನದಲ್ಲ. ಇನ್ನೊಂದು ಸಣ್ಣ ವಿಷಯ ಹಳೆಯ ಗಾಡಿಗಳಲ್ಲಿ ಮುಖ್ಯವಾಗುತ್ತದೆ: ಡಿಪ್‌ಸ್ಟಿಕ್ ಆ ಎಂಜಿನ್ನಿನದೇ ಆಗಿರಬೇಕು. ಗುಜರಿಯಿಂದ ತಂದ ಬೇರೆ ಉದ್ದದ ಕಡ್ಡಿ ಹಾಕಿದ್ದರೆ ಅದರ ಗೆರೆಗಳಿಗೆ ಅರ್ಥವಿಲ್ಲ.

ತೊಳೆಯುವ ಮೊದಲು ಅಳೆಯಿರಿ

ಬಹುತೇಕ ಕಡೆ ಬಿಟ್ಟುಹೋಗುವ ಹೆಜ್ಜೆ ಇದು, ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳವೂ ಇದೇ. ತೊಳೆಯುವ ಮೊದಲಿನ ಒತ್ತಡ ಎಷ್ಟಿತ್ತು ಎಂದು ತಿಳಿಯದಿದ್ದರೆ, ತೊಳೆದ ಮೇಲೆ ಏನು ಬದಲಾಯಿತು ಎಂದು ಹೇಳಲು ಬರುವುದಿಲ್ಲ.

ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ, ಬಾಯಿಯ ಮೇಲೆ ತಲೆಕೆಳಗಾಗಿ ಇಟ್ಟು, ಐಡಲಿನಲ್ಲಿ ಅದು ಕುಣಿಯುತ್ತದೆಯೇ ಹಾರಿಬೀಳುತ್ತದೆಯೇ ಎಂದು ನೋಡುವ ರೂಢಿ ಎಲ್ಲ ಗ್ಯಾರೇಜುಗಳಲ್ಲೂ ಇದೆ. ಅದು ತಪ್ಪಲ್ಲ, ಆದರೆ ಅಷ್ಟರಿಂದಲೇ ತೀರ್ಪು ಕೊಡಲಾಗದು. ಮುಚ್ಚಳ ಇರುವ ಜಾಗಕ್ಕೆ ತಕ್ಕಂತೆ ರಾಕರುಗಳ ಬಡಿತವೇ ಅದನ್ನು ಕುಣಿಸಬಹುದು, ಮುಚ್ಚಿಹೋದ ಬ್ರೀದರ್ ಒಳ್ಳೆಯ ಎಂಜಿನ್ನಿನಲ್ಲೂ ಅದನ್ನು ಹಾರಿಸಬಹುದು.

ನಿಜವಾದ ಅಳತೆಗೆ ಬೇಕಾಗುವುದು ಎರಡು ಮೀಟರಿನಷ್ಟು ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಂದು ಹಲಗೆ, ಒಂದು ಅಡಿಕೋಲು, ಸ್ವಲ್ಪ ಬಣ್ಣ ಕಲಸಿದ ನೀರು. ಪೈಪಿನ ಒಂದು ಭಾಗವನ್ನು ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಹಲಗೆಗೆ ಬಿಗಿದು, ಅದರ ಅರ್ಧದವರೆಗೆ ನೀರು ತುಂಬಬೇಕು. ಒಂದು ತುದಿಯನ್ನು ಗಾಳಿಗೆ ತೆರೆದುಬಿಟ್ಟು, ಇನ್ನೊಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಯ ಬಾಯಿಗೆ ಗಾಳಿ ಸೋರದಂತೆ ಕ್ಲಿಪ್ಪು ಹಾಕಿ ಜೋಡಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಡಿಪ್‌ಸ್ಟಿಕ್ ಕೊಳವೆ ಆಯಿಲಿನ ಒಳಗೇ ಮುಳುಗಿರುತ್ತದೆ. ಅಂಥ ಕಡೆ ಅಳತೆ ತಪ್ಪಾಗಿ ಬರುವುದರಿಂದ ಹಳೆಯ ಆಯಿಲ್ ಮುಚ್ಚಳವೊಂದಕ್ಕೆ ರಂಧ್ರ ಕೊರೆದು ನಿಪ್ಪಲ್ ಬೆಸೆದು ಅದನ್ನು ಬಳಸುವುದು ಸರಿ. ಎಂಜಿನ್ ಚಾಲೂ ಮಾಡಿದಾಗ ಒಂದು ಕಡೆ ನೀರು ಇಳಿದು ಮತ್ತೊಂದು ಕಡೆ ಏರುತ್ತದೆ. ಒತ್ತಡವೆಂದರೆ ಎರಡೂ ಮಟ್ಟಗಳ ನಡುವಿನ ಪೂರ್ಣ ಅಂತರ. ಒಂದು ಕಡೆ 3 ಸೆಂಟಿಮೀಟರ್ ಇಳಿದು ಇನ್ನೊಂದು ಕಡೆ 3 ಸೆಂಟಿಮೀಟರ್ ಏರಿದರೆ ಒತ್ತಡ 6 ಸೆಂಟಿಮೀಟರ್ ನೀರು, ಮೂರಲ್ಲ. ಗ್ಯಾರೇಜಿನ ಮಾಮೂಲಿ ಒತ್ತಡದ ಗೇಜು ಈ ಕೆಲಸಕ್ಕೆ ಬಾರದು. ಒಂದು ಪಿಎಸ್‌ಐ ಎಂದರೆ ಸುಮಾರು 70 ಸೆಂಟಿಮೀಟರ್ ನೀರು, ನಾವು ಹುಡುಕುತ್ತಿರುವುದು ಅದರ ಚಿಕ್ಕ ಪಾಲನ್ನು.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲಿನಲ್ಲಿ ಒಮ್ಮೆ, 1,500 ಆರ್‌ಪಿಎಂನಲ್ಲಿ ಒಮ್ಮೆ, ಗವರ್ನರ್ (ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಸಾಧನ) ಬಿಡುವಷ್ಟು ಗರಿಷ್ಠ ವೇಗದಲ್ಲಿ ಒಮ್ಮೆ ಅಳೆದು ಬರೆದಿಡಬೇಕು. ತೆರೆದ ಬ್ರೀದರ್ ಚೊಕ್ಕಟವಾಗಿದ್ದು ರಿಂಗುಗಳು ಚೆನ್ನಾಗಿದ್ದರೆ ನೀರು ಅಲುಗುವುದೇ ಕಡಿಮೆ. ಪ್ರತಿ ಎಂಜಿನ್ನಿಗೂ ಮಿತಿ ಬೇರೆ ಬೇರೆ, ಕೆಲವು ಕಂಪನಿಗಳು ಗೊತ್ತಾದ ಅಳತೆಯ ರಂಧ್ರದ ಉಪಕರಣ ಹಾಕಿ ಅಳೆಯಲು ಹೇಳುತ್ತವೆ. ಆದ್ದರಿಂದ ಅಂತಿಮ ಅಂಕಿಗೆ ಆ ಎಂಜಿನ್ನಿನ ವರ್ಕ್‌ಶಾಪ್ ಕೈಪಿಡಿಯನ್ನೇ ನೋಡಬೇಕು. ನಿಂತ ಬಸ್ಸಿನಲ್ಲಿ, ಹೊರೆಯಿಲ್ಲದೆ ತೆಗೆದ ಈ ಅಳತೆ ಹೋಲಿಕೆಗೆ ಮಾತ್ರ: ಇಂದಿನದಕ್ಕೂ ಆರು ತಿಂಗಳ ಹಿಂದಿನದಕ್ಕೂ, ತೊಳೆಯುವ ಮೊದಲಿನದಕ್ಕೂ ಅನಂತರದ್ದಕ್ಕೂ.

ಅಳೆಯುತ್ತಿರುವಾಗಲೇ ಕೊಳವೆಯ ತುದಿಯನ್ನೂ ಗಮನಿಸಬೇಕು. ತೆಳುವಾದ ಆವಿ ಒಂದೇ ಸಮನೆ ಬರುತ್ತಿದ್ದರೆ ಚಿಂತೆಯಿಲ್ಲ. ಇಡಿಯಾಗಿ ದಟ್ಟವಾಗಿ ಬರುತ್ತಿದ್ದರೆ ಒಟ್ಟಾರೆ ಸವೆತದ ಸೂಚನೆ. ತಾಳ ಹಾಕಿದಂತೆ ಪುಸ್ ಪುಸ್ ಎಂದು ಬಿಟ್ಟುಬಿಟ್ಟು ಬರುತ್ತಿದ್ದರೆ ಯಾವುದೋ ಒಂದು ಸಿಲಿಂಡರಿನ ರಿಂಗು ಮುರಿದಿರುವ ಅಥವಾ ಪಿಸ್ಟನ್ ಕೆಟ್ಟಿರುವ ಸಂಶಯ ಗಟ್ಟಿಯಾಗುತ್ತದೆ.

ಬಿಚ್ಚಿ ತೊಳೆಯುವುದು

ಎಂಜಿನ್ ನಿಲ್ಲಿಸಿ, ಉಗುರುಬೆಚ್ಚಗಾಗುವವರೆಗೆ ಕಾದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ ಮೇಲೆ, ಬ್ರೀದರಿನ ಸುತ್ತ ಕೂತಿರುವ ಧೂಳು ಮತ್ತು ಜಿಡ್ಡನ್ನು ಬ್ರಷ್ಷಿನಿಂದ ಉಜ್ಜಿ ಒರೆಸಬೇಕು. ಹೀಗೆ ಮಾಡದೆ ಮೊದಲೇ ಬೋಲ್ಟು ಬಿಚ್ಚಿದರೆ ಆ ಮಣ್ಣೆಲ್ಲ ತೆರೆದ ಬಾಯಿಯಿಂದ ಟ್ಯಾಪೆಟ್ಟುಗಳ ಮೇಲೆ ಬೀಳುತ್ತದೆ. 5.9 ಲೀಟರಿನ ಹಳೆಯ ಕಮಿನ್ಸ್ ಎಂಜಿನ್ನಿನಲ್ಲಿ ಬ್ರೀದರ್ ಸಾಮಾನ್ಯವಾಗಿ ಬ್ಲಾಕಿನ ಪಕ್ಕದ ಕವರಿನಲ್ಲಿ ಇರುತ್ತದೆ, ಇನ್ನು ಬಹಳಷ್ಟು ಎಂಜಿನ್ನುಗಳಲ್ಲಿ ಮೇಲಿನ ರಾಕರ್ ಕವರಿನಲ್ಲಿ. ಕ್ಲಿಪ್ಪು ಸಡಿಲಿಸಿ ರಬ್ಬರ್ ಹೋಸನ್ನು ಹೊರಳಿಸಿ ತೆಗೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಗಡಿನ ನಿಪ್ಪಲ್ ಬಾಗುತ್ತದೆ. ಡಬ್ಬಿ ಹೊರಬಂದ ಕೂಡಲೇ ಎಂಜಿನ್ನಿನ ಬಾಯಿಯನ್ನು ಶುಭ್ರವಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಬೇಕು. ಬಟ್ಟೆ ತುರುಕಬಾರದು, ಮರೆತುಹೋದ ಒಂದು ತುಂಡು ಬಟ್ಟೆ ಆಯಿಲ್ ಪಂಪಿನ ಜರಡಿಯನ್ನು ಮುಚ್ಚಿ ಎಂಜಿನ್ನನ್ನೇ ಕೊಲ್ಲಬಲ್ಲದು.

ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಪೆಟ್ರೋಲ್ ಬೇಡ. ಅದು ಬೇಗ ಹತ್ತಿಕೊಳ್ಳುತ್ತದೆ, ಜೊತೆಗೆ ರಬ್ಬರನ್ನೂ ಕೆಡಿಸುತ್ತದೆ. ಡಬ್ಬಿಯನ್ನು ಒಂದೆರಡು ಗಂಟೆ ನೆನೆಹಾಕಿ, ಬಳಿಕ ಎರಡೂ ಬಾಯಿಗಳಿಂದ ಸುರಿದು ಅಲುಗಿಸಿ, ಹೊರಬರುವ ದ್ರವ ತಿಳಿಯಾಗುವವರೆಗೆ ಮತ್ತೆ ಮತ್ತೆ ಜಾಲಾಡಬೇಕು. ಬಿಳಿ ಲೋಳೆ ಹೆಚ್ಚಿದ್ದರೆ ಸೀಮೆಎಣ್ಣೆಯ ಬಳಿಕ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಒಂದು ಸುತ್ತು ತೊಳೆಯುವುದು ಒಳ್ಳೆಯದು. ತಂತಿಬಲೆಯ ಒಳಪದರದಲ್ಲಿ ಕಲ್ಲಿನಂತೆ ಗಟ್ಟಿಯಾದ ಮಸಿ ಉಳಿಯುತ್ತದೆ. ಬೆಳಕಿಗೆ ಹಿಡಿದಾಗ ಬಲೆಯ ಕಣ್ಣುಗಳು ಎಲ್ಲ ಕಡೆಯೂ ಸಮವಾಗಿ ಕಾಣಬೇಕು, ಕಾಣದಿದ್ದರೆ ಮತ್ತೊಮ್ಮೆ ನೆನೆಹಾಕಬೇಕು. ತಂತಿ ತುಕ್ಕು ಹಿಡಿದು ಎಳೆಗಳು ಮುರಿಯುತ್ತಿದ್ದರೆ ಆ ಬಲೆಯನ್ನು ಎಸೆದು ಹೊಸದನ್ನೇ ಹಾಕಬೇಕು, ಮುರಿದ ಎಳೆ ಒಳಗೆ ಬಿದ್ದರೆ ಬೇರಿಂಗಿಗೆ ಕುತ್ತು. ಪಾತ್ರೆ ತಿಕ್ಕುವ ಉಕ್ಕಿನ ಜುಂಗನ್ನು ಅದರ ಬದಲು ತುಂಬುವುದನ್ನು ಕಂಡಿದ್ದೇನೆ, ಅದನ್ನು ಖಂಡಿತ ಮಾಡಬಾರದು. ಕಾಗದದ ಅಥವಾ ಫೆಲ್ಟಿನ ಫಿಲ್ಟರ್ ಇರುವ ಬ್ರೀದರುಗಳಲ್ಲಿ ಅದನ್ನು ತೊಳೆಯಲಾಗದು, ಬದಲಿಸಲೇಬೇಕು.

ಕಡೆಗೆ ಕಡಿಮೆ ಒತ್ತಡದ ಗಾಳಿಯಿಂದ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪೂರ್ತಿ ಒಣಗಿಸಬೇಕು. ಡಬ್ಬಿ ಎಂಜಿನ್ನಿನ ಮೇಲಿರುವಾಗಲೇ ಕೊಳವೆಯ ತುದಿಯಿಂದ ಕಂಪ್ರೆಸರ್ ಗಾಳಿ ಊದಿ ಸ್ವಚ್ಛ ಮಾಡುತ್ತೇನೆ ಎನ್ನುವ ಅಡ್ಡದಾರಿ ಹಿಡಿದರೆ, ಇದ್ದ ಕೆಸರೆಲ್ಲ ಎಂಜಿನ್ನಿನ ಒಳಕ್ಕೆ ಹೋಗುವುದಲ್ಲದೆ ಸೀಲುಗಳ ತುಟಿಯೂ ಮಗುಚಿಕೊಳ್ಳಬಹುದು.

ಕೊಳವೆ ಮತ್ತು ಅದರ ದಾರಿ

ಡಬ್ಬಿಯಷ್ಟೇ ತೊಳೆದು ಕೊಳವೆಯನ್ನು ಹಾಗೆಯೇ ಬಿಟ್ಟರೆ ಕೆಲಸ ಅರ್ಧವಾದಂತೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ನಿಂತ ಶಾಲಾ ಬಸ್ಸುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜಗಳು ಈ ಕೊಳವೆಯ ಬಾಯಿಯನ್ನು ಬಹಳ ಇಷ್ಟಪಡುತ್ತವೆ. ಹೊರಗಿನಿಂದ ನೋಡಿದರೆ ಕೆಸರು ಮೆತ್ತಿದಂತೆ ಕಾಣುವುದು ತಂತಿ ಹಾಕಿದಾಗ ಒಂದು ಗೇಣು ಉದ್ದದ ಗಟ್ಟಿ ಮಣ್ಣಾಗಿ ಪುಡಿಪುಡಿಯಾಗಿ ಉದುರುತ್ತದೆ, ಅದರ ನಡುವೆ ಒಣಗಿದ ಜೇಡಗಳೂ ಇರುತ್ತವೆ. ಜೂನಿನಲ್ಲಿ ಶಾಲೆ ಶುರುವಾದ ಮೊದಲ ವಾರದಲ್ಲೇ ಸೀಲು ಸೋರಿತು ಎಂದು ಗ್ಯಾರೇಜಿಗೆ ಬರುವ ಬಸ್ಸಿನಲ್ಲಿ ಮೊದಲು ನೋಡಬೇಕಾದ ಜಾಗ ಇದು.

ರಬ್ಬರ್ ಹೋಸನ್ನು ಹೊರಗಿನಿಂದ ನೋಡಿ ಒಪ್ಪಿಕೊಳ್ಳಬಾರದು. ಆಯಿಲ್ ಕುಡಿದ ಒಳಪದರ ಊದಿಕೊಂಡು, ಹೊರಗೆ ದಪ್ಪವಾಗಿ ಕಂಡರೂ ಒಳಗಿನ ದಾರಿ ಕಿರುಬೆರಳಿನಷ್ಟೇ ಉಳಿದಿರುತ್ತದೆ. ಬದಲಿಸುವಾಗ ರೇಡಿಯೇಟರಿನ ಹೋಸನ್ನು ಕತ್ತರಿಸಿ ಹಾಕುವ ರೂಢಿ ವ್ಯಾಪಕವಾಗಿದೆ. ಆದರೆ ನೀರಿಗೆಂದು ಮಾಡಿದ ಇಪಿಡಿಎಂ ರಬ್ಬರ್ ಆಯಿಲಿಗೆ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಆಯಿಲ್ ತಾಳುವ ನೈಟ್ರೈಲ್ ಹೋಸನ್ನೇ ಕೇಳಿ ತರಬೇಕು, ಒಳವ್ಯಾಸ ಮೂಲದ್ದಕ್ಕಿಂತ ಒಂದಿಷ್ಟೂ ಕಡಿಮೆಯಾಗಬಾರದು.

ದಾರಿ ಮೇಲಿನಿಂದ ಕೆಳಕ್ಕೆ ಎಲ್ಲಿಯೂ ತಗ್ಗಿಲ್ಲದೆ ಇಳಿಯಬೇಕು. ನಡುವೆ ಜೋತುಬಿದ್ದ ಜಾಗದಲ್ಲಿ ನೀರು ಮತ್ತು ಆಯಿಲ್ ನಿಂತು ದಾರಿಯನ್ನು ಮುಚ್ಚುತ್ತವೆ. ತುದಿ ಎಂಜಿನ್ ಮೌಂಟಿನ ರಬ್ಬರ್, ಕ್ಲಚ್ ಹೌಸಿಂಗ್, ಫ್ಯಾನ್ ಬೆಲ್ಟ್, ಡೈನಮೊ, ಸೈಲೆನ್ಸರ್ ಕೊಳವೆ ಇವುಗಳಿಂದ ದೂರದಲ್ಲಿ, ಬಸ್ಸಿನ ನೆಲದ ಹಲಗೆಗಿಂತ ಸಾಕಷ್ಟು ಕೆಳಗೆ ಇರಬೇಕು. ತುದಿಯನ್ನು ಓರೆಯಾಗಿ ಕತ್ತರಿಸಿ ಆ ಓರೆ ಹಿಂದಕ್ಕೆ ಮುಖ ಮಾಡುವಂತೆ ನಿಲ್ಲಿಸಿದರೆ, ಓಡುವಾಗಿನ ಗಾಳಿ ಅನಿಲವನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಓರೆ ಮುಂದಕ್ಕಿದ್ದರೆ ಅದೇ ಗಾಳಿ ಒಳಕ್ಕೆ ಒತ್ತುತ್ತದೆ. ಮುಂಭಾಗದ ಎಂಜಿನ್ನಿನ ಬಸ್ಸಿನಲ್ಲಿ ಇದು ಜನರ ಆರೋಗ್ಯದ ಪ್ರಶ್ನೆಯೂ ಹೌದು. ಕೊಳವೆ ಬಾನೆಟ್ಟಿನ ಕೆಳಗೇ ಮುಗಿದಿದ್ದರೆ ಆ ಹೊಗೆ ಗೇರ್ ಲಿವರಿನ ಸಂದಿಯಿಂದ ಒಳಗೆ ಬಂದು ಚಾಲಕರ ಎದೆ ಸೇರುತ್ತದೆ. ಮುಂದಿನ ಗಾಜಿನ ಒಳಮೈಯಲ್ಲಿ ಎಷ್ಟು ಒರೆಸಿದರೂ ಮರುದಿನ ಜಿಡ್ಡಿನ ತೆಳುಪೊರೆ ಕಾಣುತ್ತಿದ್ದರೆ, ದಿನವಿಡೀ ಅಲ್ಲಿ ಕೂರುವವರು ಉಸಿರಾಡುತ್ತಿರುವುದೂ ಅದನ್ನೇ.

ಹನಿ ಬೀಳುವುದನ್ನು ತಪ್ಪಿಸಲು ಕೊಳವೆಯ ಬಾಯಿಗೆ ಬಟ್ಟೆ ಕಟ್ಟುವುದು, ಕಾಲುಚೀಲ ತೊಡಿಸುವುದು, ನೀರಿನ ಬಾಟಲಿಯನ್ನು ಟೇಪಿನಿಂದ ಬಿಗಿಯುವುದು ಇವೆಲ್ಲ ಎಂಜಿನ್ನಿನ ಉಸಿರು ಕಟ್ಟುವ ಕೆಲಸಗಳು. ಹನಿಯನ್ನು ಹಿಡಿಯಲೇಬೇಕಾದರೆ ಮೇಲ್ಭಾಗದಲ್ಲಿ ಕೊಳವೆಯಷ್ಟೇ ಅಗಲದ ತೆರಪಿರುವ, ಕೆಳಗೆ ಡ್ರೈನ್ ಇರುವ ಡಬ್ಬಿಯನ್ನು ಬ್ರಾಕೆಟ್ ಹಾಕಿ ಕೂರಿಸಿ, ವಾರಕ್ಕೊಮ್ಮೆ ಖಾಲಿ ಮಾಡಬೇಕು.

ಮತ್ತೆ ಅಳತೆ, ಒತ್ತಡ ಇಳಿಯದಿದ್ದರೆ ಹುಡುಕಾಟ

ಹೊಸ ಪ್ಯಾಕಿಂಗ್ ಅಥವಾ ಓ-ರಿಂಗ್ ಹಾಕಿ, ತಗಡಿನ ಕವರು ಬಾಗದಷ್ಟು ಮಾತ್ರ ಬಿಗಿದು, ಮೊದಲಿನಂತೆಯೇ ಎಂಜಿನ್ ಬಿಸಿ ಮಾಡಿ ಅದೇ ಮೂರು ವೇಗಗಳಲ್ಲಿ ಅಳೆಯಬೇಕು. ಒತ್ತಡ ಸ್ಪಷ್ಟವಾಗಿ ಇಳಿದಿದ್ದರೆ ರೋಗ ಬ್ರೀದರಿನದೇ ಆಗಿತ್ತು. ಸೀಲುಗಳನ್ನು ಕೂಡಲೇ ಬದಲಿಸದೆ ಒಂದೆರಡು ವಾರ ಓಡಿಸಿ ನೋಡಬೇಕು, ಒತ್ತಡ ಹೋದ ಮೇಲೆ ಹಲವು ಒಸರುವಿಕೆಗಳು ತಾವಾಗಿ ನಿಲ್ಲುತ್ತವೆ.

ಇಳಿಯದಿದ್ದರೆ ಬ್ರೀದರ್ ಡಬ್ಬಿಯನ್ನೇ ತೆಗೆದು, ಬಾಯಿ ಪೂರ್ತಿ ತೆರೆದಿಟ್ಟು ಹೊರಬರುವ ಅನಿಲವನ್ನು ನೋಡಬೇಕು. ಈಗಲೂ ಜೋರಾಗಿ ಬರುತ್ತಿದ್ದರೆ ಅನಿಲ ನಿಜವಾಗಿಯೂ ಹೆಚ್ಚಿದೆ ಎಂದರ್ಥ. ಆದರೆ ಅದು ರಿಂಗುಗಳಿಂದಲೇ ಬರಬೇಕೆಂದಿಲ್ಲ.

ಮೊದಲ ಆರೋಪಿ ಏರ್ ಕಂಪ್ರೆಸರ್. ಅದರ ಪಿಸ್ಟನ್ ರಿಂಗುಗಳು ಸವೆದಿದ್ದರೆ, ಬ್ರೇಕಿಗಾಗಿ ಒತ್ತಿದ ಗಾಳಿ ಕೆಳಕ್ಕೆ ಸೋರಿ, ಆಯಿಲ್ ವಾಪಸ್ ಬರುವ ದಾರಿಯಲ್ಲೇ ಎಂಜಿನ್ನಿನ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಇದನ್ನು ಏನೂ ಬಿಚ್ಚದೆ ಪತ್ತೆಹಚ್ಚಬಹುದು. ಬ್ರೇಕನ್ನು ಹಲವು ಸಲ ಒತ್ತಿ ಟ್ಯಾಂಕಿನ ಗಾಳಿಯನ್ನು ಇಳಿಸಿ, ಎಂಜಿನ್ನನ್ನು ಒಂದೇ ವೇಗದಲ್ಲಿ ಇಟ್ಟು, ಗಾಳಿ ತುಂಬುತ್ತಿರುವಾಗ ನೀರಿನ ಮಟ್ಟವನ್ನು ನೋಡುತ್ತಿರಬೇಕು. ಒತ್ತಡ 7ರಿಂದ 8 ಬಾರಿನ ಆಸುಪಾಸು ಮುಟ್ಟಿ ಅನ್‌ಲೋಡರ್ (ಟ್ಯಾಂಕ್ ತುಂಬಿದಾಗ ಕಂಪ್ರೆಸರಿನ ಹೊರೆ ಇಳಿಸುವ ವಾಲ್ವ್) ಪಿಸ್ ಎಂದು ಬಿಟ್ಟ ಕ್ಷಣದಲ್ಲೇ ನೀರಿನ ಅಂತರ ಕುಸಿದರೆ, ಕೆಟ್ಟಿರುವುದು ಕಂಪ್ರೆಸರ್. ಅದರ ರಿಪೇರಿಯ ಖರ್ಚು ಎಂಜಿನ್ ಬೋರಿನ ಖರ್ಚಿನ ಹತ್ತಿರಕ್ಕೂ ಬಾರದು. ಮೊದಲು ಹೇಳಿದಂತೆ ನೀರಿನ ಮಟ್ಟಕ್ಕೆ ಕಣ್ಣು ನೆಟ್ಟು ಕೂತರೆ ಐದು ನಿಮಿಷದಲ್ಲಿ ತಿಳಿಯುವ ಈ ಸಂಗತಿಯನ್ನು ಯಾರೂ ನೋಡದೆ ಇಡೀ ಎಂಜಿನ್ ಕೆಳಗಿಳಿಸುವುದು ನನಗೆ ತೀರ ನೋವಿನ ವಿಷಯ.

ಎರಡನೆಯದು ಟರ್ಬೊ. ಅದರ ಸೀಲು ಸವೆದರೆ ಒತ್ತಿದ ಗಾಳಿಯೂ ಸೈಲೆನ್ಸರಿನ ಬಿಸಿ ಅನಿಲವೂ ಆಯಿಲ್ ಇಳಿಯುವ ಕೊಳವೆಯಲ್ಲಿ ಚೇಂಬರಿಗೆ ಬರುತ್ತವೆ. ಪರೀಕ್ಷೆಗಾಗಿ ಆ ಕೊಳವೆಯನ್ನು ಬ್ಲಾಕಿನಿಂದ ಬಿಚ್ಚಿ, ಬ್ಲಾಕಿನ ರಂಧ್ರಕ್ಕೆ ಬಿರಡೆ ಹಾಕಿ, ಇಳಿಯುವ ಆಯಿಲನ್ನು ಬಕೆಟ್ಟಿಗೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ಮಾತ್ರ ಎಂಜಿನ್ ಓಡಿಸಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು. ಚೇಂಬರಿನ ಆಯಿಲ್ ಬೇಗ ಖಾಲಿಯಾಗುತ್ತ ಬರುವುದರಿಂದ ಇದನ್ನು ಅನುಭವಿ ಮೆಕ್ಯಾನಿಕ್ ಎದುರಿಗಿದ್ದಾಗಲೇ ಮಾಡಬೇಕು. ಡೈನಮೊದ ಹಿಂದೆ ವ್ಯಾಕ್ಯೂಮ್ ಪಂಪಿರುವ ಗಾಡಿಗಳಲ್ಲಿ ಅದನ್ನೂ ನೋಡಬೇಕಾಗುತ್ತದೆ, ವ್ಯಾಕ್ಯೂಮ್ ಪೈಪು ಎಲ್ಲಾದರೂ ಒಡೆದಿದ್ದರೆ ಪಂಪು ಹೊರಗಾಳಿಯನ್ನು ಎಳೆದು ಚೇಂಬರಿಗೆ ತುಂಬುತ್ತಲೇ ಇರುತ್ತದೆ.

ಇಷ್ಟೆಲ್ಲ ನಿರ್ದೋಷಿಗಳೆಂದು ತಿಳಿದ ಮೇಲೆ ಉಳಿಯುವುದು ವಾಲ್ವ್ ಗೈಡುಗಳು, ರಿಂಗುಗಳು, ಲೈನರುಗಳು. ಆಗ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆದು ಯಾವುದು ಬಿದ್ದಿದೆ ಎಂದು ಗೊತ್ತುಮಾಡಿಕೊಂಡು ಬಿಚ್ಚಿದರೆ ಆ ಖರ್ಚಿಗೆ ಸಮರ್ಥನೆಯಿದೆ.

ಅನಿಲವನ್ನು ಗಾಳಿಯ ದಾರಿಗೆ ಸೇರಿಸಿದ ಎಂಜಿನ್ನುಗಳು

ಕೆಲವು ಎಂಜಿನ್ನುಗಳಲ್ಲಿ ಬ್ರೀದರ್ ಕೊಳವೆ ರಸ್ತೆಗೆ ತೆರೆಯದೆ ಏರ್ ಕ್ಲೀನರ್ ಮತ್ತು ಟರ್ಬೊ ನಡುವಿನ ಹೋಸಿಗೆ ಸೇರಿರುತ್ತದೆ. ಅಲ್ಲಿ ಆಯಿಲ್ ಬೇರ್ಪಡಿಸುವ ಡಬ್ಬಿಯ ಜೊತೆಗೆ ಸ್ಪ್ರಿಂಗ್ ಇರುವ ರಬ್ಬರ್ ಡಯಾಫ್ರಂ ಒಂದು ಇದ್ದು, ಏರ್ ಕ್ಲೀನರಿನ ಎಳೆತ ನೇರವಾಗಿ ಕ್ರ್ಯಾಂಕ್‌ಕೇಸಿಗೆ ತಾಗದಂತೆ ತಡೆಯುತ್ತದೆ. ಡಯಾಫ್ರಂ ತೆಗೆದು ಬೆಳಕಿಗೆ ಹಿಡಿದು ಮೆಲ್ಲಗೆ ಹಿಗ್ಗಿಸಿದರೆ ಸೂಜಿಮೊನೆಯಷ್ಟು ತೂತೂ ಕಾಣುತ್ತದೆ, ಒಂದು ತೂತಿದ್ದರೂ ಬದಲಿಸಬೇಕು. ಸೀಮೆಎಣ್ಣೆ ಅದಕ್ಕೆ ತಾಗಬಾರದು, ಒಣಬಟ್ಟೆಯಿಂದ ಒರೆಸಿದರೆ ಸಾಕು. ಬೇರ್ಪಟ್ಟ ಆಯಿಲ್ ಚೇಂಬರಿಗೆ ಇಳಿಯುವ ಸಣ್ಣ ಕೊಳವೆಯ ಚೆಕ್ ವಾಲ್ವ್ ಒಂದೇ ದಿಕ್ಕಿಗೆ ಬಿಡುತ್ತಿದೆಯೇ ಎಂದು ಬಾಯಲ್ಲಿ ಊದದೆ ಕೈಪಂಪಿನಿಂದ ಪರೀಕ್ಷಿಸಬೇಕು. ಏರ್ ಕ್ಲೀನರ್ ಕಟ್ಟಿದ್ದರೆ ಎಳೆತ ಹೆಚ್ಚಾಗಿ ಆಯಿಲ್ ಸೆಳೆಯುವುದರಿಂದ ಅದನ್ನೂ ಅದೇ ದಿನ ನೋಡುವುದು ಒಳ್ಳೆಯದು.

ಈ ಬಗೆಯ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ಮೀರಿದರೆ ಅಥವಾ ಬೇರ್ಪಡಿಸುವ ಡಬ್ಬಿ ಕೆಟ್ಟರೆ ಆಗುವ ಅಪಾಯ ದೊಡ್ಡದು. ಎಂಜಿನ್ ತನ್ನದೇ ಆಯಿಲನ್ನು ಎಳೆದು ಉರಿಸುತ್ತ ವೇಗ ಏರಿಸಿಕೊಳ್ಳುತ್ತದೆ, ಡೀಸೆಲ್ ಕಡಿದರೂ ನಿಲ್ಲುವುದಿಲ್ಲ. ಆಗ ಅದನ್ನು ನಿಲ್ಲಿಸಬಲ್ಲದ್ದು ಗಾಳಿಯ ದಾರಿ ಮುಚ್ಚುವುದು ಮಾತ್ರ: ಗಟ್ಟಿಯಾದ ಹಲಗೆ ಅಥವಾ ದಪ್ಪ ತಗಡನ್ನು ಏರ್ ಕ್ಲೀನರಿನ ಬಾಯಿಗೆ ಒತ್ತಿಹಿಡಿಯಬೇಕು, ಕೈಯನ್ನಾಗಲಿ ಬಟ್ಟೆಯನ್ನಾಗಲಿ ಎಂದಿಗೂ ಒಡ್ಡಬಾರದು. ಓಡುತ್ತಿರುವ ಬಸ್ಸಿನಲ್ಲಿ ಚಾಲಕರ ಕೈಯಲ್ಲಿರುವ ಉಪಾಯವೆಂದರೆ ಬ್ರೇಕ್ ಒತ್ತಿ ಬಸ್ಸನ್ನು ನಿಲ್ಲಿಸಿ, ಬ್ರೇಕನ್ನು ಬಿಡದೆ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಅದುಮಿ ನಿಲ್ಲಿಸುವುದು. ಇದೇ ಕಾರಣಕ್ಕೆ, ರಸ್ತೆಗೆ ತೆರೆದ ಹಳೆಯ ಬ್ರೀದರನ್ನು ಹನಿ ಬೀಳಬಾರದೆಂದು ಟರ್ಬೊ ಮುಂದಿನ ಹೋಸಿಗೆ ತಂದು ಸಿಕ್ಕಿಸುವ ಮನೆಮದ್ದನ್ನು ಯಾರೂ ಮಾಡಬಾರದು. ಅಪಾಯ ಹಾಗಿರಲಿ, ಆಯಿಲ್ ಮಂಜು ಟರ್ಬೊದ ಚಕ್ರಕ್ಕೂ ಇಂಟರ್‌ಕೂಲರಿಗೂ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗಕ್ಕೂ) ಅಂಟಿ ಗಾಡಿ ಎಳೆಯುವ ಶಕ್ತಿ ಕುಗ್ಗುತ್ತದೆ, ಹೊಗೆ ತಪಾಸಣೆಯಲ್ಲಿಯೂ ಗಾಡಿ ಸಿಕ್ಕಿಬೀಳುತ್ತದೆ.

ಎಷ್ಟು ಓಡಿದ ಮೇಲೆ

ಪ್ರತಿ ಸಲ ಆಯಿಲ್ ಬದಲಿಸುವಾಗ ಕೊಳವೆ, ಹೋಸು ಮತ್ತು ಕೊಳವೆಯ ತುದಿಯನ್ನು ನೋಡಬೇಕು. ಎರಡು ಆಯಿಲಿಗೊಮ್ಮೆ ಡಬ್ಬಿ ಬಿಚ್ಚಿ ತೊಳೆಯಬೇಕು. ಕಡಿಮೆ ದೂರ ಓಡುವ ಶಾಲಾ ಬಸ್ಸು, ಗಣಿಧೂಳಿನ ಹಾದಿಯ ಬಸ್ಸು, ಶಿರಾಡಿ ಅಥವಾ ಚಾರ್ಮಾಡಿಯಂಥ ಘಟ್ಟವನ್ನು ದಿನವೂ ಹತ್ತಿಳಿಯುವ ಬಸ್ಸುಗಳಿಗೆ ಪ್ರತಿ ಆಯಿಲಿಗೂ ತೊಳೆಯುವುದು ಲೇಸು, ಶಾಲಾ ಬಸ್ಸಿಗಂತೂ ಜೂನಿಗೆ ಮೊದಲು ಒಂದು ಸಲ ಕಡ್ಡಾಯವಾಗಿ. ಒತ್ತಡದ ಅಳತೆಯನ್ನು ಆರು ತಿಂಗಳಿಗೊಮ್ಮೆ, ದಿನಾಂಕ, ಕಿಲೋಮೀಟರ್ ಮತ್ತು ಮೂರು ವೇಗಗಳ ಅಂಕಿಗಳೊಂದಿಗೆ ಗಾಡಿಯ ಪುಸ್ತಕದಲ್ಲಿಯೇ ಬರೆದಿಡಬೇಕು. ಆ ನಾಲ್ಕಾರು ಸಾಲುಗಳು ಕೈಯಲ್ಲಿದ್ದರೆ ಬೋರಿಗೆ ಬಂದಿದೆ ಎನ್ನುವವರ ಎದುರು ಪುಸ್ತಕ ತೆರೆದು, ಅಂಕಿ ಯಾವಾಗಿನಿಂದ ಏರುತ್ತಿದೆ ಎಂದು ತೋರಿಸಿ ಮಾತಾಡಬಹುದು.

ತೊಳೆದ ಸೀಮೆಎಣ್ಣೆ ಮತ್ತು ಡಬ್ಬಿಯಿಂದ ಬಂದ ಕಪ್ಪು ಆಯಿಲನ್ನು ಚರಂಡಿಗೆ ಸುರಿಯಬಾರದು. ಬಳಸಿದ ಆಯಿಲ್ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಪರವಾನಗಿ ಇರುವ ಆಯಿಲ್ ಸಂಗ್ರಹಕಾರರಿಗೇ ಕೊಡಬೇಕು.